ಠಾಣೆಯಲ್ಲಿ ಅಗೆದ ಬೈಗುಳದ ಬೇರು

ಪರರ ಗೇಟಿಗೆ ಅಡ್ಡಲಾಗಿ ಸ್ಕೂಟರ್ ನಿಲ್ಲಿಸುವುದೇ ಕ್ಷಾತ್ರವೆನಿಸಿದ್ದ ಘೋರ ಕಲಿಯುಗದಲ್ಲಿ, ದಾವಣಗೆರೆಯ ದಿಕ್ಪಾಲಕರೇ, ಕಿವಿಗೊಡಿ! ಮೂವತ್ತೊಂದು ವರ್ಷ ಇಂಗ್ಲಿಷ್ ಬೋಧಿಸಿ ನಿವೃತ್ತರಾದ, ವ್ಯಾಕರಣವಜ್ರಧಾರಿ, ಬೃಹನ್ನಿಘಂಟುಗದಾಪಾಣಿ ಕೊಟ್ರಯ್ಯ ಮೇಷ್ಟ್ರು ಪೊಲೀಸ್ ಠಾಣೆಯ ಮೆಟ್ಟಿಲೇರಿದರು.

ಪಕ್ಕದ ಮನೆಯ ಉಮಾಪತಿ, ಲೀಡ್ಸಿನ ಹೋಟೆಲಿನಲ್ಲಿ ಎರಡು ವರ್ಷ ಅಡುಗೆ ಮಾಡಿ ಬಂದವನು, ಗೇಟಿಗಡ್ಡ ನಿಲ್ಲಿಸಿದ ಸ್ಕೂಟರ್ ತೆಗೆ ಎಂದದ್ದಕ್ಕೆ ಬೆಳಿಗ್ಗೆ ಅವರ ಮೇಲೆ ಎರಡು ಆಂಗ್ಲಾಸ್ತ್ರ ಪ್ರಯೋಗಿಸಿದ್ದ: ಮೊದಲು ‘ಬಗರ್’, ನಂತರ ‘ಬಾಲಕ್ಸ್’. ಅರ್ಥ ಬಲ್ಲವರು ಬೀದಿಗೆಲ್ಲ ಮೇಷ್ಟ್ರೊಬ್ಬರೇ, ಗಾಯವೂ ಅವರೊಬ್ಬರಿಗೇ. ಉಮಾಪತಿಯ ತಾಯಿ ಹಾಲಮ್ಮನಂತೂ ಮಗನ ಇಂಗ್ಲಿಷ್ ಕೇಳಿ ಹಿಗ್ಗಿದ್ದಳು. ಆ ಹಿಗ್ಗೇ ಮೇಷ್ಟ್ರ ಎದೆಯಲ್ಲಿ ನೆಟ್ಟಿತ್ತು. ಬೈಗುಳ ದಾಖಲೆಯಲ್ಲಿ ಅಕ್ಷರಶಃ ಮೂಡಬೇಕು, ಉಮಾಪತಿ ಕ್ಷಮೆ ಬರೆದುಕೊಡಬೇಕು: ಇದು ಅವರ ಭೀಷಣ ಪ್ರತಿಜ್ಞೆ.

ತಾಯಿ ಮಗ ಇಬ್ಬರನ್ನೂ ಕರೆಸಿ ಕೂರಿಸಿದ್ದ ಠಾಣೆಯ ರೈಟರ್ ತಿಪ್ಪೇಸ್ವಾಮಿ, ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂದು ಆಗಲೇ ಬರೆದಿದ್ದ.

“ಹೊಡೆದು ಹಾಕ್ರಿ ಅದನ್ನ! ಯಾವ ಶಬ್ದ ಅಂತ ಬರೀರಿ.”

“ಎಲ್ರಿಗೂ ಇದನ್ನೇ ಬರೆಯೋದು ಸರ್. ಅಷ್ಟಕ್ಕೂ ಅದರ ಅರ್ಥ ಏನು?”

ಪ್ರಳಯಕಾಲದ ಮೇಘದಂತೆ ಮೇಷ್ಟ್ರು ಎದ್ದು ನಿಂತರು.

“ಕೇಳೋ ಉಮಾಪತಿ! ಈ ಜಿಲ್ಲೆಯಾಗೆ ಇದನ್ನ ಬಿಡಿಸಿ ಹೇಳೋ ಗಂಡು ನಾನೊಬ್ಬನೇ. ಬಗರ್ ಹೊರಟಿದ್ದು ಬಲ್ಗೇರಿಯಾದಿಂದ. ಮಧ್ಯಯುಗದಾಗೆ ಚರ್ಚಿನ ಮಾತು ಕೇಳದ ಪಂಥದೋರನ್ನ ಫ್ರಾನ್ಸಿನೋರು ಬಲ್ಗೇರಿಯದೋರು ಅಂತ ಜರಿದ್ರು. ಆಮೇಲೆ, ಇವರಾಗೆ ಗಂಡಸು ಗಂಡಸಿನ ಜೊತೆ ಮಲಗ್ತಾನೆ ಅಂತ ಅಪವಾದ ಹೊರಿಸಿದ್ರು. ಹಂಗೇ ಆ ಹೆಸರು ಬೈಗುಳ ಆತು. ಬಾಲಕ್ಸ್ ಸಾವಿರ ವರ್ಷದ ಅಚ್ಚ ಹಳೇ ಇಂಗ್ಲಿಷು. ಅರ್ಥ, ಗಂಡಸಿನ ಬೀಜ! ಬೊಗಳೆ ಅನ್ನೋಕೆ ಬಳಸೋದು ಈಚೀಚೆಗೆ.”

“ನಂಗೇನ್ ಗೊತ್ತು ಸರ್? ಅಲ್ಲಿ ಅಡುಗೆಮನೇಲಿ ಉಪ್ಪು ಕೇಳೋಕೂ ಇದನ್ನೇ ಅಂತಿದ್ರು.”

ಹಾಲಮ್ಮ ಬಾಯಿಗೆ ಸೆರಗು ಒತ್ತಿ ಎದ್ದಳು.

“ಅಯ್ಯೋ ಶಿವನೇ! ತಲೆ ನರೆತೈತಿ, ಹೆಣ್ಮಕ್ಕಳ ಮುಂದೆ ಬೀಜ ಗೀಜ ಅಂತಾನಲ್ಲ! ನನ್ಮಗ ಅಂದಿದ್ದು ಒಂದೂ ತಿಳೀಲಿಲ್ಲ. ಇವಂದು ಎಲ್ಲಾ ತಿಳೀತು. ನಂದೂ ಒಂದು ದೂರು ಬರ್ಕಳ್ರಿ ಸಾಹೇಬ್ರೇ!”

“ಅಮ್ಮಾ, ಅದು ಪದದ ಚರಿತ್ರೆ...”

“ಚರಿತ್ರೆ ನಿನ್ ಮನ್ಯಾಗೆ ಹೇಳ್ಕ!”

ತಿಪ್ಪೇಸ್ವಾಮಿ ಹೊಸ ಹಾಳೆ ಎಳೆದುಕೊಂಡ. ಕೇಸು ಬೇಡವೆಂದು ಎರಡೂ ಕಡೆಯವರನ್ನು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಹೆಂಗಸರ ಮುಂದೆ ಇನ್ನು ಕೆಟ್ಟ ಮಾತಾಡುವುದಿಲ್ಲವೆಂಬ ಮುಚ್ಚಳಿಕೆಗೆ ಅಂದು ಠಾಣೆಯಲ್ಲಿ ಸಹಿ ಹಾಕಿದವರು ಒಬ್ಬರೇ, ಕೊಟ್ರಯ್ಯ ಮೇಷ್ಟ್ರು. ಪೆನ್ನು ಕೊಟ್ಟವನು ಉಮಾಪತಿ.