ಕರುವಿನ ಕೊರಳು ತಬ್ಬಿ ಅತ್ತವನು

ಕೊಳಾಲದ ಕತೆಗಾರ ಗಂಗಹನುಮಯ್ಯನಿಗೆ ಆ ಸೋಮವಾರ ಗ್ರಹಚಾರ ವಕ್ಕರಿಸಿದ್ದು ಮುದ್ದಕ್ಕನ ಬಾಯಿಂದ. ಅವನು ಮದಲೂರಿಗೆ ಬಂದು ಹೆಂಡತಿಯೊಡನೆ ಗುಡಿಯ ಪಡಸಾಲೆಯಲ್ಲಿ ಬಿಡಾರ ಹೂಡಿದ್ದ. ಸುಗ್ಗಿ ಮುಗಿಯುವವರೆಗೆ ಕತೆ ಹೇಳಿದರೆ ಊರವರು ಕೊಡುವ ರಾಗಿಯಲ್ಲಿ ವರ್ಷ ಕಳೆಯಬಹುದಿತ್ತು.

ಸೋಮವಾರವೆಂದರೆ ಎತ್ತುಗಳಿಗೆ ನೊಗವಿಲ್ಲದ ದಿನ. ಊರೆಲ್ಲ ಬೆಳಿಗ್ಗೆಯೇ ಅರಳಿಕಟ್ಟೆಗೆ ಬಂದಿತ್ತು. ಗಂಗಹನುಮಯ್ಯ ಹನುಮಂತನನ್ನು ಸಮುದ್ರ ಹಾರಿಸಲು ಹೊರಟಿದ್ದ. ಊರ ಹಿರಿಯಳು ಮುದ್ದಕ್ಕ ಸೊಪ್ಪು ಬಿಡಿಸುತ್ತಲೇ ತಡೆದಳು.

"ಆ ಹನುಮಪ್ಪನೂ ಹಾರಿ ಹಾರಿ ಸುಸ್ತಾಗವ್ನೆ, ಬುಡಪ್ಪ. ದೇವ್ರ ಕತೆ ಆಯ್ತು, ರಾಜ್ರ ಕತೆ ಆಯ್ತು. ಮನುಷ್ಯರ ಕತೆ ಒಂದೂ ಇಲ್ವಾ ನಿನ್ತಾವ? ನಮ್ಮಂಗೆ ಉಣ್ಣೋರು, ನಮ್ಮಂಗೆ ಅಳೋರು?"

ಗಂಗಹನುಮಯ್ಯನ ಮೈ ಜುಮ್ಮೆಂದಿತು. ಇಂಥದೊಂದನ್ನು ಅವನಲ್ಲಿ ಯಾರೂ ಕೇಳಿರಲಿಲ್ಲ. ಮಳೆ ಬಿದ್ದ ಹುತ್ತದಿಂದ ಈಸಲು ಹುಳು ಏಳುವಂತೆ ಮಾತುಗಳು ಎದ್ದವು. ನಿಂತ ನಿಲುವಿನಲ್ಲೇ ಕತೆ ಕಟ್ಟಿದ: ದೊಡ್ಡ ಮೀಸೆಯ ಒಬ್ಬ ಗಂಡಸು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕಲ್ಲುಕಂಬದ ಹಾಗೆ ನಿಂತು, ಅಳುವ ಹೆಂಡತಿಯನ್ನು ಗದರಿದ. ಗಾಡಿ ಮರೆಯಾದದ್ದೇ ತಡ, ಕೊಟ್ಟಿಗೆಗೆ ಓಡಿ ಮಗಳು ಸಾಕಿದ ಕರುವಿನ ಕೊರಳು ತಬ್ಬಿ ಬಿಕ್ಕಿ ಬಿಕ್ಕಿ ಅತ್ತ.

ಹೆಂಗಸರು ಸೆರಗು ಕಣ್ಣಿಗೊತ್ತಿದರು. ಪಕ್ಕದಲ್ಲೇ ಮೆಣಸಿನಕಾಯಿ ಹುರಿದಂತೆ ಗಂಡಸರೆಲ್ಲ ಒಟ್ಟಿಗೆ ಕೆಮ್ಮತೊಡಗಿದರು.

ಗಂಗಹನುಮಯ್ಯ ಇನ್ನೂ ಬಿಡಾರ ಸೇರಿರಲಿಲ್ಲ, ಪಟೇಲ ದೊಡ್ಡರಂಗಪ್ಪ ಅವನ ರಟ್ಟೆ ಹಿಡಿದು ಗೋಡೆ ಮರೆಗೆ ಎಳೆದ.

"ಯಾವನ್ಲಾ ನಿಂಗೆ ಹೇಳ್ದೋನು? ಅವತ್ತು ಕೊಟ್ಟಿಗೇಲಿ ನಾನು, ಆ ಕರ, ಇಬ್ರೇ ಇದ್ದಿದ್ದು."

"ಬುದ್ಧಿ, ಅದು ಕಟ್ಟುಕತೆ."

"ನನ್ ಹೆಸ್ರು ಈಚೆಗೆ ಬಂದ್ರೆ ಒಂದು ಕಾಳು ರಾಗೀನೂ ಹುಟ್ಟಾಕಿಲ್ಲ, ನೋಡ್ಕೋ."

ಮಧ್ಯಾಹ್ನ ಜಟಕಾ ಹೊಡೆಯುವ ಹಬೀಬ್ ಸಾಬ್ ಬಂದ. "ಕುದ್ರೇನ ಕರ ಮಾಡಿ ನನ್ ಮಾನ ಉಳಿಸ್ದೆ ಭಾಯಿ, ಶುಕ್ರಿಯಾ. ಆದ್ರೆ ಊರೋರು ದಡ್ಡರಲ್ಲ ನೋಡು, ಕಂಡುಹಿಡೀತಾರೆ." ಅವನ ಹಿಂದೆಯೇ ಗರಡಿಯ ಉಸ್ತಾದ ಮರುಳಸಿದ್ದಯ್ಯ. ಅವನ ಮನೆಯಲ್ಲಿ ದನಕರುಗಳಿರಲಿಲ್ಲ; ತಬ್ಬಿದ್ದು ರಾಗಿ ತುಂಬಿದ ಮಣ್ಣಿನ ವಾಡೆಯನ್ನು. "ಬಾಯಿ ಬಿಟ್ಯೋ, ಸೊಂಟ ಮುರೀತೀನಿ," ಎಂದವನ ಕಣ್ಣು ಅಷ್ಟು ಹೇಳುವಷ್ಟರಲ್ಲೇ ತುಂಬಿತು.

ಅಷ್ಟರೊಳಗೆ ಬಾವಿಕಟ್ಟೆಯ ಹೆಂಗಸರು ಊರಿನ ಒಂದೊಂದು ಮೀಸೆಯನ್ನೂ ಅಳೆದು ಮುಗಿಸಿದ್ದರು. ಸಂಜೆ ಎಲ್ಲರೂ ಅರಳಿಕಟ್ಟೆಗೆ ಮುತ್ತಿದರು.

"ಯಾರಪ್ಪ ಅವನು? ಹೇಳ್ದೆ ನೀನು ಕಟ್ಟೆ ಇಳಿಯಂಗಿಲ್ಲ," ಎಂದಳು ಮುದ್ದಕ್ಕ.

ಕಟ್ಟುಕತೆ ಎಂದರೆ ಒಬ್ಬಳೂ ನಂಬಲಿಲ್ಲ. ಪಟೇಲ ಮೀಸೆ ತಿರುವುತ್ತಿದ್ದ, ಉಸ್ತಾದ ತೋಳು ಮಡಿಸಿದ್ದ, ಹಬೀಬ್ ಸಾಬ್ ಕಣ್ಣಲ್ಲೇ ಬೇಡುತ್ತಿದ್ದ. ಗಂಗಹನುಮಯ್ಯನಿಗೆ ಆ ಮೂವರ ಮೇಲೂ ಕನಿಕರ ಉಕ್ಕಿತು. ಎದ್ದು ನಿಂತು ಎದೆ ಮುಟ್ಟಿಕೊಂಡ.

"ಅವನು ಬೇರೆ ಯಾರೂ ಅಲ್ಲ ಕಣ್ರವ್ವ. ನಾನೇ."

ಮೂರು ನಿಟ್ಟುಸಿರು ಒಟ್ಟಿಗೆ ಬಿದ್ದವು. "ಗಂಡ್ಸಾಗಿ ಅತ್ಬುಟ್ಯೇನಯ್ಯ!" ಎಂದು ಪಟೇಲ ಜೋರಾಗಿ ನಕ್ಕ. ಹೆಂಗಸರು ಮಾತ್ರ ನಗಲಿಲ್ಲ. ಒಬ್ಬಳು ಮಜ್ಜಿಗೆ ತರಲು ಓಡಿದಳು. ಮುದ್ದಕ್ಕ ಅವನ ತಲೆ ನೇವರಿಸಿ, "ಎಂಥ ಕರುಳಪ್ಪ ನಿಂದು," ಎಂದಳು. ಗಂಗಹನುಮಯ್ಯ ಹಿಗ್ಗಿ ಹೀರೇಕಾಯಿಯಾದ. ಸಮುದ್ರ ಹಾರಿಸಿದಾಗಲೂ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಆಗ ಜನರನ್ನು ಸರಿಸಿಕೊಂಡು ಅವನ ಹೆಂಡತಿ ಚಿಕ್ಕಕ್ಕ ಮುಂದೆ ಬಂದಳು. ದನಿ ತಣ್ಣಗಿತ್ತು.

"ನನ್ ಹೊಟ್ಟೇಲಿ ಹುಟ್ಟಿರೋವು ಮೂರೂ ಗಂಡು. ನೀನು ಗಂಡನ ಮನೆಗೆ ಕಳಿಸ್ದಲ್ಲ, ಆ ಮಗಳು ಯಾರ ಹೊಟ್ಟೇದು?"

ಗಂಗಹನುಮಯ್ಯ ಪಟೇಲನ ಕಡೆ ನೋಡಿದ. ಪಟೇಲ ಅರಳಿ ಎಲೆ ನೋಡುತ್ತಿದ್ದ. ಹಬೀಬ್ ಸಾಬ್ ಕುದುರೆಗೆ ಹುಲ್ಲು ಹಾಕುವುದು ನೆನಪಾಗಿ ಹೊರಟೇಹೋದ. ಉಸ್ತಾದ ಅವನ ಬೆನ್ನು ಹಿಡಿದ.

ಮಜ್ಜಿಗೆ ತಂದವಳು ಅದನ್ನು ಚಿಕ್ಕಕ್ಕನ ಕೈಗೆ ಕೊಟ್ಟಳು. ಮನೆಗೆ ಹೊರಡಲು ಎದ್ದಿದ್ದ ಹೆಂಗಸರೆಲ್ಲ ಹಿಂದಿರುಗಿ, ಬೆಳಿಗ್ಗೆಗಿಂತ ಹತ್ತಿರಕ್ಕೆ ಸರಿದು ಕುಳಿತರು.