ಬೋರಲು ರೊಟ್ಟಿ

ಬೆಳಿಗ್ಗೆ ಒಂಬತ್ತು ಗಂಟೆಗೆ ಹಿಕ್ಮತ್ ಮೇಷ್ಟ್ರು ಲ್ಯಾಪ್‌ಟಾಪಿನ ಕ್ಯಾಮೆರಾ ತೆರೆದು ನೋಡಿದರೆ ಪರದೆಯಲ್ಲಿ ಅವರ ಗಡ್ಡ ಮೇಲಿತ್ತು, ಟೋಪಿ ಕೆಳಗಿತ್ತು. ಬೆನ್ನ ಹಿಂದಿನ ಕಿಟಕಿಯಲ್ಲಿ ಏಪ್ರಿಕಾಟ್ ಮರ ಬುಡ ಮೇಲಾಗಿ ನೇತಾಡುತ್ತಿತ್ತು. ಎರಡು ದಿನದಿಂದ ಬೀಳುತ್ತಿದ್ದ ಹಿಮ ಆ ಕಿಟಕಿಯಲ್ಲಿ ನೆಲದಿಂದ ಆಕಾಶಕ್ಕೆ ನಿಧಾನವಾಗಿ ಏರುತ್ತಿತ್ತು. ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ಮೇಷ್ಟ್ರು ಮಾತ್ರ ಗಲ್ಲಕ್ಕೆ ಕೈಕೊಟ್ಟು, ಚಹಾ ಆರಿಹೋಗುವವರೆಗೂ ಆ ಹಿಮವನ್ನೇ ನೋಡುತ್ತ ಕುಳಿತರು.

ಅವರು ತಾಜಿಕ್ ನಾಡಿನ ಇಸ್ತರವ್ಶಾನ್ ಊರಿನ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಹಿಕ್ಮತ್ತು, ಅಂದರೆ ಜಾಣತನ, ಇದ್ದದ್ದು ಹೆಸರಿನಲ್ಲಿ ಮಾತ್ರ. ನಕ್ಷೆಯ ಮೇಲೆ ಒಂದು ನದಿಗೆ ಕಡ್ಡಿ ಇಟ್ಟರೆಂದರೆ ಅದರ ಜೊತೆಗೇ ಹರಿದು ಹೋಗಿಬಿಡುತ್ತಿದ್ದರು. ಗಂಟೆ ಹೊಡೆದ ಮೇಲೆ ಮಕ್ಕಳು ಅವರ ಕನಸು ಕೆಡದಂತೆ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಹೋಗುತ್ತಿದ್ದರು. ಶಾಲೆ ಬೇಡವೆಂದು ಬಿಸಾಡಿದ ಹಳೇ ಲ್ಯಾಪ್‌ಟಾಪನ್ನು ಅವರು ಮನೆಗೆ ತಂದಾಗ ಭೌತಶಾಸ್ತ್ರದ ಮೇಷ್ಟ್ರು ಅದರೊಳಗೆ ಲಿನಕ್ಸ್ ಎಂಬ ಹೊಸ ತಂತ್ರಾಂಶ ತುಂಬಿಸಿ, ಮುದಿ ಯಂತ್ರ ಇನ್ನು ಎದ್ದು ಓಡುತ್ತದೆಂದು ಭರವಸೆ ಕೊಟ್ಟು, ಮರುದಿನವೇ ತಂಗಿಯ ಮನೆಗೆಂದು ಖುಜಂದಿಗೆ ಹೊರಟುಹೋಗಿದ್ದರು. ಇದಾಗಿ ಎರಡು ವಾರ. ಮೊದಲ ದಿನ ದನಿ ಬರಲಿಲ್ಲ. ಮೂರನೆಯ ದಿನ ಪ್ರಿಂಟರು ಆಫ್ರಿಕಾ ಖಂಡವನ್ನು ಸಹಾರಾವರೆಗೆ ಮುದ್ರಿಸಿ ನಿಂತಿತು. ಮೇಷ್ಟ್ರು ಬೇಸರಪಡಲಿಲ್ಲ. ಹೊಸ ದೇಶ, ಅಲ್ಲಿಯ ರೀತಿನೀತಿ ಬೇರೆ ಇರುತ್ತದೆ ಎಂದುಕೊಂಡು ಒಂದೊಂದನ್ನೇ ಕಲಿಯುತ್ತಿದ್ದರು.

ಆದರೆ ಈ ದಿನ ತಾಳ್ಮೆಯ ದಿನವಾಗಿರಲಿಲ್ಲ. ಸಂಜೆ ನಾಲ್ಕೂವರೆಗೆ ಮಗಳು ಮೊಹಿರಾಳ ರೊಟ್ಟಿ ಮುರಿಯುವ ಶಾಸ್ತ್ರ. ಎರಡೂ ಕಡೆಯ ಹಿರಿಯರು ಒಂದೊಂದು ರೊಟ್ಟಿ ಮುರಿದರೆ ಸಂಬಂಧ ನಿಶ್ಚಯವಾದಂತೆ. ಹುಡುಗ ದಲೇರ್ ದುಶಾನ್ಬೆಯವನು. ಅವನೂ ಮೊಹಿರಾಳೂ ಒಪ್ಪಿ ಎರಡು ವರ್ಷವಾಗಿದ್ದರೂ ಅವನ ಅಜ್ಜಿ ಜುಮ್ರದ್ "ನೋಡೋಣ" ಎಂದೇ ದಿನ ತಳ್ಳಿದ್ದಳು. ಈಗ ಅವಳು ಒಪ್ಪಿದ ಹೊತ್ತಿಗೆ ಹಿಮ ಕುಸಿದು ಎರಡೂ ಊರುಗಳ ನಡುವಿನ ಘಟ್ಟದ ದಾರಿ ಮುಚ್ಚಿತ್ತು. ನಾಳೆಯಿಂದ ಉಪವಾಸದ ತಿಂಗಳು; ಆ ತಿಂಗಳಲ್ಲಿ ಅಜ್ಜಿಯ ಮನೆಯಲ್ಲಿ ಮದುವೆಯ ಮಾತೇ ಎತ್ತುವಂತಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಅಜ್ಜಿಯ ಬಾಯಿಗೆ ಮತ್ತೆ "ನೋಡೋಣ" ಬಂದರೆ ಹೇಳುವವರು ಯಾರು? ಅದಕ್ಕೇ ಶಾಸ್ತ್ರವನ್ನು ಕಂಪ್ಯೂಟರಿನಲ್ಲೇ ಮುಗಿಸುವುದೆಂದು ಆಗಿತ್ತು. ಹಿಮಕ್ಕೆ ಊರಿನ ಮೊಬೈಲುಗಳೆಲ್ಲ ಸತ್ತುಹೋಗಿದ್ದವು. ಇಡೀ ಓಣಿಯಲ್ಲಿ ಇಂಟರ್ನೆಟ್ಟಿನ ತಂತಿ ಗೋಡೆ ಹೊಕ್ಕಿದ್ದದ್ದು ಮೇಷ್ಟ್ರ ಮನೆಯಲ್ಲೊಂದೇ.

ಕೆಲಸಕ್ಕೆ ಹೊರಟ ಮೊಹಿರಾ ಬಾಗಿಲಲ್ಲಿ ನಿಂತು ಬೂಟು ಹಾಕಿಕೊಳ್ಳುತ್ತ ಒಂದೇ ಮಾತು ಹೇಳಿದ್ದಳು. "ಅಪ್ಪಾ, ಇವತ್ತೊಂದು ದಿನ ಕನಸಿಗೆ ಹೋಗ್ಬೇಡಿ."

"ಇಲ್ಲಮ್ಮ, ಎಲ್ಲೂ ಹೋಗಲ್ಲ," ಎಂದಿದ್ದರು ಮೇಷ್ಟ್ರು.

ಹತ್ತು ಗಂಟೆಗೆ ಪರೀಕ್ಷೆಗೆಂದು ಹುಡುಗನ ಚಿಕ್ಕಪ್ಪ ಕರೆ ಮಾಡಿದ. ಅಷ್ಟರಲ್ಲಿ ಪಕ್ಕದ ಮನೆಯ ಮಸ್ತೂರಾ ಚಿಕ್ಕಮ್ಮ ಹಾಸಿನ ಮೇಲೆ ಬಟ್ಟೆ ಹರವಿ, ತಾನೇ ಸುಟ್ಟು ತಂದ ರೊಟ್ಟಿಯನ್ನು ನಡುವೆ ಇಟ್ಟು, ನೆಂಟರನ್ನು ನೋಡಲು ಮುಂದೆಯೇ ಕುಳಿತಿದ್ದಳು. ಎದುರು ಮನೆಯ ಚಾಕು ಮಾಡುವ ಕಮ್ಮಾರ ಶರೋಫ್ ಉಸ್ತಾದ್ ಕರೆಯದಿದ್ದರೂ ಬಂದಿದ್ದ. ಚಿಕ್ಕಪ್ಪನಿಗೆ ಮೂವರೂ ಬಾವಲಿಗಳ ಹಾಗೆ ನೇತಾಡುತ್ತ ಕಂಡರು. ಅವನು ನಗುತ್ತಿರುವಾಗಲೇ ಅವನ ಭುಜದ ಹಿಂದೆ ಒಂದು ಬಿಳಿ ರುಮಾಲು ಇಣುಕಿತು. ಜುಮ್ರದ್ ಅಜ್ಜಿ.

"ರೊಟ್ಟಿ ಯಾಕೆ ಬೋರಲಾಗಿದೆ?" ಎಂದಳು ಅಜ್ಜಿ.

ಆ ನಾಡಿನವರಿಗೆ ರೊಟ್ಟಿಯೆಂದರೆ ಮುಖ ಬೆನ್ನು ಎರಡೂ ಉಳ್ಳದ್ದು. ಹೂವಿನಚ್ಚು ಒತ್ತಿದ ಮುಖ ಯಾವಾಗಲೂ ಮೇಲಿರಬೇಕು. ಬೋರಲು ಹಾಕಿದರೆ ಮನೆಯ ಬರಕತ್ತು ಹೋಯಿತು. ನೆಂಟರ ಮುಂದೆ ಹಾಗೆ ಹಾಕಿದರಂತೂ "ಎದ್ದು ನಡೆಯಿರಿ" ಎಂದು ಹೇಳಿದಂತೆಯೇ. ಇದೆಲ್ಲ ಯಂತ್ರದ ದೋಷ, ರೊಟ್ಟಿ ನೆಟ್ಟಗೇ ಇದೆ ಎಂದು ಚಿಕ್ಕಪ್ಪ ಅಜ್ಜಿಗೆ ತಿಳಿಹೇಳಿದ. ಅಜ್ಜಿ ಕೇಳಿಸಿಕೊಂಡಳು, ಒಪ್ಪಲಿಲ್ಲ.

"ಮನುಷ್ಯರು ಹೇಗಾದ್ರೂ ಕಾಣ್ಲಿ, ನಂಗೇನು. ಸಂಜೆ ನನ್ನ ಕಣ್ಣಿಗೆ ರೊಟ್ಟಿ ನೆಟ್ಟಗೆ ಕಾಣ್ಬೇಕು," ಎಂದು ಹೊರಟುಹೋದಳು.

ಮೇಷ್ಟ್ರು ಮದ್ದು ಹುಡುಕಲು ಕುಳಿತರು. ಲಿನಕ್ಸ್ ಬಳಸುವವರೆಲ್ಲ ತಮ್ಮ ಕಷ್ಟ ಹೇಳಿಕೊಳ್ಳುವ ಒಂದು ತಾಣವಿತ್ತು. ಅಲ್ಲಿ ನೋಡಿದರೆ ಲೋಕದ ತುಂಬ ತಲೆಕೆಳಗಾದವರೇ. ಹನ್ನೊಂದು ವರ್ಷದ ಹಿಂದೆ ಒಬ್ಬ ಪೋರ್ಚುಗಲ್ಲಿನಲ್ಲಿ ತಲೆಕೆಳಗಾಗಿದ್ದ, ಇನ್ನೊಬ್ಬಳು ಚಿಲಿಯಲ್ಲಿ. ಎಲ್ಲರೂ ಗೋಳಾಡಿದ್ದರು, ಹಲವರು ಕೊನೆಗೆ "ಸರಿಹೋಯಿತು, ಧನ್ಯವಾದ" ಎಂದಷ್ಟೇ ಬರೆದು, ಹೇಗೆ ಸರಿಹೋಯಿತೆಂದು ಹೇಳದೆ ಮಾಯವಾಗಿದ್ದರು. ಇಂಥವರಿಗೆ ದೇವರು ಒಳ್ಳೆಯದು ಮಾಡಬಾರದು ಎಂದುಕೊಂಡರೂ ಮೇಷ್ಟ್ರಿಗೆ ಅವರೆಲ್ಲ ನೆಂಟರಂತೆ ಅನಿಸತೊಡಗಿದರು. ಚಿಲಿಯವಳಂತೂ ಭೂಮಿಯ ಕೆಳಮಗ್ಗುಲಿನವಳು. ಅವಳ ಕ್ಯಾಮೆರಾ ಸರಿಯಾಗಿಯೇ ಇತ್ತೇನೋ. ಅಷ್ಟಕ್ಕೂ ಉತ್ತರವೇ ಮೇಲೆ ಎಂದು ನಕ್ಷೆ ಬರೆದವನಿಗೆ ಯಾರು ಹೇಳಿದ್ದರು? ಮೇಷ್ಟ್ರು ಮತ್ತೆ ಕ್ಯಾಮೆರಾದ ಪುಟ್ಟ ಚೌಕದೊಳಗಿನ ಹಿಮದ ಕಡೆ ಜಾರಿದರು. ಹಿಮ ಮೇಲಕ್ಕೆ ಹೋಗುವುದಾದರೆ ದಿನಗಳೂ ಹಿಂದಕ್ಕೆ ಹೋಗಬಹುದು. ಆ ಮರ ಮತ್ತೆ ಸಸಿಯಾಗಿ, ತೀರಿಹೋದ ಹೆಂಡತಿ ಅದಕ್ಕೆ ನೀರು ಹಾಕುತ್ತಿರಬಹುದು, ಮೊಹಿರಾ ಅವಳ ಸೆರಗು ಹಿಡಿದು ನಿಂತಿರಬಹುದು. ಅವರಿಗೆ ಸುಖವಾಯಿತು.

"ಮೇಷ್ಟ್ರೇ, ಹನ್ನೆರಡಾಯ್ತು," ಎಂದ ಶರೋಫ್ ಉಸ್ತಾದ್.

ಕೊನೆಗೆ ಪುಣ್ಯಾತ್ಮನೊಬ್ಬ ಬರೆದಿದ್ದ ಒಂದು ಉದ್ದನೆಯ ಸಾಲು ಸಿಕ್ಕಿತು. ಅದನ್ನು ಅಲ್ಲಿಂದಲೇ ನಕಲು ಮಾಡಿ, ಯಂತ್ರಕ್ಕೆ ಅಪ್ಪಣೆ ಕೊಡುವ ಕಪ್ಪು ಕಿಟಕಿಯೊಂದರಲ್ಲಿ ಅಂಟಿಸಿದರು. ಯಂತ್ರ ಗುಪ್ತಪದ ಕೇಳಿತು. ಎಷ್ಟು ಹೊಡೆದರೂ ಒಂದು ಚುಕ್ಕಿಯೂ ಮೂಡಲಿಲ್ಲ. ಕೀಲಿಗಳಿಗೆ ತುಕ್ಕು ಹಿಡಿದಿದೆ ಎಂದು ಉಸ್ತಾದ್ ತೀರ್ಪು ಕೊಟ್ಟು ಎಣ್ಣೆ ತರಲು ಹೋದ. ತುಕ್ಕಲ್ಲ, ದೃಷ್ಟಿ ಎಂದು ಮಸ್ತೂರಾ ಚಿಕ್ಕಮ್ಮ ಸೊಪ್ಪಿನ ಹೊಗೆ ಹಾಕಿದಳು. ಯಂತ್ರದ ಫ್ಯಾನು ಆ ಹೊಗೆಯನ್ನೆಲ್ಲ ಒಳಗೆಳೆದುಕೊಂಡು ಇನ್ನೊಂದು ಕಡೆಯಿಂದ ಬಿಟ್ಟಿತು. ಗುಪ್ತಪದ ಕಣ್ಣಿಗೆ ಕಾಣದೆಯೇ ಒಳಗೆ ಹೋಗುವುದು ಲಿನಕ್ಸ್ ದೇಶದ ಪದ್ಧತಿಯೆಂದೂ, ತಾವು ಇಷ್ಟು ಹೊತ್ತು ತಾಜಿಕ್ ಅಕ್ಷರಗಳಲ್ಲಿ ಅದನ್ನು ಹೊಡೆಯುತ್ತಿದ್ದೆವೆಂದೂ ಮೇಷ್ಟ್ರಿಗೆ ಹೊಳೆಯುವಷ್ಟರಲ್ಲಿ ಎರಡು ಗಂಟೆ. ಅಕ್ಷರ ಬದಲಿಸಿ ಹೊಡೆದರು. ಸಾಲು ಒಳಗೆ ಹೋಯಿತು. ಕ್ಯಾಮೆರಾ ತೆರೆದರು.

ಗಡ್ಡ ಮೇಲೆಯೇ ಇತ್ತು.

ಆ ಪುಣ್ಯಾತ್ಮ ಮುಂದಿನ ಪುಟದಲ್ಲಿ ಇನ್ನೊಂದು ಮಾತು ಬರೆದಿದ್ದ: ಇಷ್ಟಾದ ಮೇಲೆ ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಬೇಕು. ಮುಂದಿನ ಪುಟ ಇರುವುದನ್ನೇ ಮೇಷ್ಟ್ರು ನೋಡಿರಲಿಲ್ಲ.

ಇನ್ನು ಕಮ್ಮಾರನ ಬುದ್ಧಿಯೇ ಗತಿಯಾಯಿತು. ಚಿತ್ರ ತಲೆಕೆಳಗಿದ್ದರೆ ಯಂತ್ರವನ್ನೇ ತಲೆಕೆಳಗು ಮಾಡಿದರಾಯಿತು ಎಂದು ಉಸ್ತಾದ್ ಎರಡು ಪೆಟ್ಟಿಗೆಗಳ ನಡುವೆ ಲ್ಯಾಪ್‌ಟಾಪನ್ನು ಮಗುಚಿಟ್ಟ. ನಿಜಕ್ಕೂ ಒಳ್ಳೆಯ ಉಪಾಯ. ಆದರೆ ಯಂತ್ರದ ಕೀಲು ಸಡಿಲ. ನಾಲ್ಕು ಗಂಟೆಯವರೆಗೆ ಹಗ್ಗ ಕಟ್ಟಿ, ದಿಂಬು ಕೊಟ್ಟು, ಸರಿಯಾಗಿ ನಿಂತಿತೆಂದು ಉಸ್ತಾದ್ ಕೈ ಬಿಟ್ಟದ್ದೇ ತಡ, ಮುಚ್ಚಳ ಪಟ್ಟನೆ ಮುಚ್ಚಿಕೊಂಡಿತು. ತೆರೆದು ನೋಡಿದರೆ ಪರದೆ ಕಪ್ಪು.

"ಹೋಯ್ತಾ?" ಎಂದಳು ಚಿಕ್ಕಮ್ಮ.

"ನಿದ್ದೆ ಹೋಗಿದೆ," ಎಂದರು ಮೇಷ್ಟ್ರು. "ಇದು ಮಲಗಿದ್ರೆ ಏಳೋದಿಲ್ಲ." ಅವರ ದನಿಯಲ್ಲಿ ಸಣ್ಣ ಅಸೂಯೆ ಇತ್ತು.

ಗುಂಡಿ ಒತ್ತಿಹಿಡಿದು ಆರಿಸಿ ಮತ್ತೆ ಹೊತ್ತಿಸಿದರು. ಮುದಿ ಯಂತ್ರ ಗೊರಗೊರ ಸದ್ದು ಮಾಡುತ್ತ, ನೆನಪುಗಳನ್ನೆಲ್ಲ ಒಂದೊಂದಾಗಿ ಜೋಡಿಸಿಕೊಳ್ಳುತ್ತ, ನಾಲ್ಕು ಇಪ್ಪತ್ತೆಂಟಕ್ಕೆ ಕಣ್ಣು ಬಿಟ್ಟಿತು. ಮತ್ತೆ ಮಗುಚಿ ನಿಲ್ಲಿಸಲು ಹೊತ್ತಿರಲಿಲ್ಲ. ಆಗ ಮಸ್ತೂರಾ ಚಿಕ್ಕಮ್ಮನಿಗೆ ಒಂದು ದಾರಿ ಹೊಳೆಯಿತು. ಅಜ್ಜಿ ಕೇಳಿದ್ದು ರೊಟ್ಟಿಯೊಂದನ್ನೇ ತಾನೆ? ಮೇಲಿದ್ದದ್ದು ಅಲ್ಲಿ ಕೆಳಗೆ ಕಾಣುವುದಾದರೆ, ಇಲ್ಲಿ ಬೋರಲು ಹಾಕಿದ ರೊಟ್ಟಿ ಅಲ್ಲಿ ನೆಟ್ಟಗೆ ಕಾಣಬೇಕು. ಮೇಷ್ಟ್ರು ಲೆಕ್ಕ ಹಾಕಿ ನೋಡಿದರು. ಲೆಕ್ಕ ಸರಿಯಿತ್ತು, ಕೈ ಮಾತ್ರ ಮುಂದೆ ಹೋಗಲಿಲ್ಲ. ಅರುವತ್ತು ವರ್ಷದಲ್ಲಿ ಆ ಕೈ ಅಂಥ ಕೆಲಸ ಮಾಡಿರಲಿಲ್ಲ. ಚಿಕ್ಕಮ್ಮನೇ ರೊಟ್ಟಿಯನ್ನು ಎತ್ತಿ ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, "ನಮ್ಮಪ್ಪಾ, ಕ್ಷಮಿಸು, ಐದು ನಿಮಿಷ," ಎಂದು ಬೇಡಿಕೊಂಡು ಬೋರಲು ಮಲಗಿಸಿದಳು. ಮೂವರೂ ಬೇರೆ ಕಡೆ ಮುಖ ತಿರುಗಿಸಿದರು. ಕೆಲಸದಿಂದ ಬಂದು ಅಡುಗೆಮನೆಯಲ್ಲಿ ಕಾಯುತ್ತಿದ್ದ ಮೊಹಿರಾಳಿಗೆ ಇದಾವುದೂ ಗೊತ್ತಿರಲಿಲ್ಲ.

ಕರೆ ಬಂತು.

ಪರದೆಯಲ್ಲಿ ಜುಮ್ರದ್ ಅಜ್ಜಿ ಹೊಸ ರುಮಾಲು ಕಟ್ಟಿ, ಮಡಿಲಲ್ಲಿ ರೊಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಮೂಲೆಯ ಪುಟ್ಟ ಚೌಕದಲ್ಲಿ ಮೇಷ್ಟ್ರು ಕಂಡರು. ಟೋಪಿ ಮೇಲೆ, ಗಡ್ಡ ಕೆಳಗೆ. ಹಿಂದೆ ಹಿಮ ಎಲ್ಲರ ಮನೆಯ ಹಿಮದ ಹಾಗೆ ಕೆಳಕ್ಕೆ ಬೀಳುತ್ತಿತ್ತು. ಆರಿಸಿ ಹೊತ್ತಿಸಿದ್ದರಿಂದ ಮದ್ದು ಹತ್ತಿತ್ತು. ಮೇಷ್ಟ್ರಿಗೆ ಅರೆಗಳಿಗೆ ಸ್ವರ್ಗ ಕಂಡಿತು. ಮರುಗಳಿಗೆಯಲ್ಲಿ ಬಟ್ಟೆಯ ನಡುವೆ, ತಂದೂರಿಗೆ ಅಂಟಿ ಸುಟ್ಟ ಬೆನ್ನನ್ನು ಲೋಕಕ್ಕೆಲ್ಲ ತೋರಿಸುತ್ತ ಬಿದ್ದಿದ್ದ ರೊಟ್ಟಿ ಕಂಡಿತು. ಅವರು ಮಿಂಚಿನ ವೇಗದಲ್ಲಿ ಅದನ್ನು ತಿರುವಿ ಹೂವಿನ ಮುಖ ಮೇಲೆ ಮಾಡಿ, ಎದೆಯ ಮೇಲೆ ಕೈಯಿಟ್ಟು ನಮಸ್ಕರಿಸಿದರು. ಬದುಕಿನಲ್ಲಿ ಅವರು ಅಷ್ಟು ಚುರುಕಾಗಿದ್ದದ್ದು ಅದೇ ಮೊದಲು.

ಅಜ್ಜಿಯ ಮುಖ ಕಪ್ಪಿಟ್ಟಿತು.

"ಮೇಷ್ಟ್ರೇ," ಎಂದಳು ನಿಧಾನವಾಗಿ. "ನೀವು ತಲೆಕೆಳಗಾಗಿ ಕಾಣ್ತಿದ್ದೀರಿ, ಅದನ್ನ ನಾನು ಮನಸ್ಸಿಗೆ ಹಚ್ಕೊಳ್ಳಲಿಲ್ಲ. ರೊಟ್ಟಿ ನೆಟ್ಟಗಿತ್ತು, ಸಾಕು ಅಂದ್ಕೊಂಡೆ. ಅದನ್ನ ನನ್ನ ಕಣ್ಣೆದುರಿಗೇ, ನಿಮ್ಮ ಕೈಯಾರೆ ಬೋರಲು ಹಾಕಿದ್ರಲ್ಲ."

ಇಲ್ಲ, ನೆಟ್ಟಗೆ ಮಾಡಿದೆ ಎಂದರು ಮೇಷ್ಟ್ರು. ನಾನೇ ನೋಡಿದೆ ಎಂದಳು ಅಜ್ಜಿ. ಆಗ ಹುಡುಗನ ಚಿಕ್ಕಪ್ಪ ತಲೆ ಕೆರೆದುಕೊಳ್ಳುತ್ತ ಮುಂದೆ ಬಂದ. ಬೆಳಿಗ್ಗೆ ಮೇಷ್ಟ್ರ ಮನೆ ತಲೆಕೆಳಗಾಗಿ ಕಂಡಿತ್ತಲ್ಲ, ಅಜ್ಜಿಗೆ ಎಲ್ಲ ನೆಟ್ಟಗೆ ಕಾಣಲಿ ಎಂದು ಅವರು ನಾಲ್ಕು ಜನ ಸೇರಿ ಗೋಡೆಯ ದೊಡ್ಡ ಟೀವಿಯನ್ನು ಬಿಚ್ಚಿ ತಲೆಕೆಳಗಾಗಿ ನೇತುಹಾಕಿದ್ದರಂತೆ. ಕಂಪ್ಯೂಟರು ಸರಿಹೋಗಿದೆಯೆಂದು ಅವರಿಗೇನು ಗೊತ್ತು?

ಅರ್ಥವಾದ ಕೂಡಲೇ ಎರಡೂ ಮನೆಯಲ್ಲಿ ನಗು ಹೊಮ್ಮಿತು. ಅಜ್ಜಿಯ ತುಟಿಯೂ ಸಡಿಲವಾಯಿತು. ಎರಡು ಕಡೆಯವರೂ ಒಳ್ಳೆಯವರೇ, ಎರಡು ಕಡೆಯವರಿಗೂ ತಪ್ಪು ತಿದ್ದುವ ಆತುರ. ದುಶಾನ್ಬೆಯಲ್ಲಿ ನಾಲ್ವರು ಗಂಡಸರು ಟೀವಿಗೆ ಕೈಹಾಕಿ ನೆಟ್ಟಗೆ ತಿರುಗಿಸಿದರು. ಅದೇ ಹೊತ್ತಿಗೆ ಇಸ್ತರವ್ಶಾನಿನಲ್ಲಿ ಮಸ್ತೂರಾ ಚಿಕ್ಕಮ್ಮ ಕೈಚಾಚಿ, "ಅವರ ಟೀವಿ ಉಲ್ಟಾ ಅಂತೆ," ಎನ್ನುತ್ತ ರೊಟ್ಟಿಯನ್ನು ಮತ್ತೆ ಬೋರಲು ಹಾಕಿದಳು.

ನೆಟ್ಟಗಾದ ಟೀವಿಯಲ್ಲಿ, ನೆಟ್ಟಗೆ ಕುಳಿತ ಜನರ ಮುಂದೆ, ರೊಟ್ಟಿ ಬೋರಲಾಗಿತ್ತು.

ಅಜ್ಜಿ ನೋಡಿದಳು. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅವಳು ತನ್ನ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿದಳು. "ಹಬ್ಬ ಕಳೀಲಿ. ದಾರಿ ತೆರೀಲಿ. ನೀವೇ ಬನ್ನಿ, ಆ ಯಂತ್ರ ಬೇಡ," ಎಂದಳು. ಬಟ್ಟೆಯ ಗಂಟು ಬಿಗಿದು, "ಆಮೇಲೆ ನೋಡೋಣ," ಎಂದಳು.

ನೆರೆಯವರಿಬ್ಬರೂ ಸದ್ದಿಲ್ಲದೆ, ಬೂಟು ಕೈಯಲ್ಲಿ ಹಿಡಿದು ಹೊರಟರು. ಮೊಹಿರಾ ಬಂದು ಅಪ್ಪನ ಎದುರು ಕುಳಿತಳು. ಅವಳ ಕಣ್ಣು ಕೆಂಪಾಗಿತ್ತು. ಬೋರಲು ಬಿದ್ದ ರೊಟ್ಟಿಯನ್ನು ನೆಟ್ಟಗೆ ಮಾಡಿ, ಮುರಿದು, ಅರ್ಧ ಅವರ ಕೈಗಿಟ್ಟಳು.

"ನಾನು ಎಲ್ಲೂ ಹೋಗಿರ್ಲಿಲ್ಲಮ್ಮ," ಎಂದರು ಮೇಷ್ಟ್ರು.

"ಗೊತ್ತು ಅಪ್ಪಾ. ಹೋಗಿದ್ರೇ ಚೆನ್ನಾಗಿತ್ತು," ಎಂದಳು ಅವಳು. ಹೇಳುತ್ತಲೇ ನಗು ಬಂದುಬಿಟ್ಟಿತು.

ಮಗಳು ಇನ್ನೊಂದು ತಿಂಗಳು ಮನೆಯಲ್ಲಿರುತ್ತಾಳೆಂದು ಮೇಷ್ಟ್ರಿಗೆ ಒಳಗೊಳಗೇ ಸಂತೋಷವಾಯಿತು. ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು. ಅವಳು ಚಹಾ ತರಲು ಎದ್ದಾಗ ಅವರು ತಲೆಕೆಳಗಾದವರ ಆ ತಾಣವನ್ನು ತೆರೆದರು. ಮದ್ದು ಕೊಟ್ಟ ಪುಣ್ಯಾತ್ಮನಿಗೆ ನಡೆದದ್ದನ್ನೆಲ್ಲ ಬರೆಯಬೇಕು, ಮುಂದೆ ಬರುವವರಿಗೆ ಉಪಕಾರವಾಗಲಿ ಎಂದುಕೊಂಡರು. ಎಲ್ಲಿಂದ ಶುರುಮಾಡುವುದು? ರೊಟ್ಟಿಯಿಂದಲೇ, ಟೀವಿಯಿಂದಲೇ, ಮೇಲಕ್ಕೆ ಏರುತ್ತಿದ್ದ ಹಿಮದಿಂದಲೇ? ಬಹಳ ಹೊತ್ತು ಯೋಚಿಸಿ, "ಸರಿಹೋಯಿತು, ಧನ್ಯವಾದ" ಎಂದು ಬರೆದು ಮುಚ್ಚಳ ಮುಚ್ಚಿದರು. ಯಂತ್ರ ನಿದ್ದೆ ಹೋಯಿತು.