ಪ್ಯಾರಿಸ್‌ಗೆ ಹೋದವನೂ ದಾದರಿನ ಮಡಿಯೂ

ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಆ ಜಪಾನೀ ವಸ್ತ್ರವಿನ್ಯಾಸಕನಿಗೆ ಮುಂಬಯಿಯ ನಮ್ಮ ದಾದರಿನಲ್ಲೊಬ್ಬಳು ಪಟ್ಟಶಿಷ್ಯೆ ಇದ್ದಾಳೆ. ಈ ಸಂಗತಿ ಗೊತ್ತಿಲ್ಲದವನು ಜಗತ್ತಿನಲ್ಲಿ ಒಬ್ಬನೇ, ಆ ಜಪಾನೀಯ! ಶಿಷ್ಯೆ ನನ್ನ ಚಿಕ್ಕಮ್ಮ. ಚಿಕ್ಕಪ್ಪನಿಗೆ ಗ್ರಾಂಟ್ ರೋಡಿನಲ್ಲಿ ಉಡುಪಿ ಹೋಟೆಲು. ಅವಳಿಗೆ ಮನೆಯ ಬಾಲ್ಕನಿಯಲ್ಲಿ ಹೊಲಿಗೆ ಮೆಷಿನ್ನು.

ರದ್ದಿಯಿಂದ ಬಂದ ಇಂಗ್ಲಿಷ್ ಪತ್ರಿಕೆಯಲ್ಲಿ ಗುರುದರ್ಶನವಾಯಿತು. ನಾನೇ ಓದಿ ಹೇಳಿದೆ: ಟೋಕಿಯೋದಲ್ಲಿ ಕಲಿತವನು, ಪ್ಯಾರಿಸ್‌ಗೆ ಹೋಗಿ, ಬಟ್ಟೆ ಹೀಗೇ ಇರಬೇಕೆಂದು ಹೇಳಿದವರು ಯಾರು ಎಂದು ಕೇಳಿದವನು. ಮರುವಾರವೇ ಗುರುಗಳ ಫೋಟೋ ಕಟ್ಟು ಹಾಕಿಸಿಕೊಂಡು ಗೋಡೆಗೇರಿತು. ಬಂದ ನೆಂಟರೆಲ್ಲ ದನಿ ತಗ್ಗಿಸಿ ಕೇಳುವವರೇ: "ಪಾಪ, ಯಾವಾಗ ಹೋದದ್ದು?"

"ಹೋದದ್ದು ಹೌದು. ಪ್ಯಾರಿಸ್‌ಗೆ!"

ಅವಳ ಆಸೆಯೇನೂ ದೊಡ್ಡದಲ್ಲ. ತಾನು ಮಾಡಿದ್ದನ್ನು ಒಬ್ಬರಾದರೂ ಬಾಯಿಬಿಟ್ಟು ಕೇಳಿ ತೊಡಬೇಕು. ಆದರೆ ಕೇಳುವವರು ಯಾರು? ಪಕ್ಕದ ಖೋಲಿಯ ಮರಾಠಿ ವಹಿನಿಗೆ ಒಂದೇ ತೋಳಿನ ರವಿಕೆ ಹೊಲಿದು ಕೊಟ್ಟಳು. ಆಕೆ ಅದನ್ನು ಒದರಿ ಒದರಿ ನೋಡಿದರು: "ಅಗಂ ಬಾಯೀ, ದುಸರೀ ಬಾಹಿ ಕುಠೇ?"

"ಕಲ್ಪನಾ ಕರಾ, ವಹಿನಿ!"

ಇನ್ನೊಂದು ತೋಳನ್ನು ಕಲ್ಪಿಸಿಕೊಳ್ಳಲಾರದ ವಹಿನಿ ಬೇರೆ ದರ್ಜಿಯನ್ನು ಹುಡುಕಿಕೊಂಡರು.

ಅಷ್ಟರಲ್ಲಿ ಗುರುಗಳು ಒಂದೇ ತುಂಡು ಬಟ್ಟೆಯಿಂದ ಉಡುಪು ಮಾಡುವ ಸುದ್ದಿ ಬಂತು. ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು, ಸೂಜಿ ಬಿಟ್ಟಳು. ಬರೀ ಮಡಿಕೆ, ಬರೀ ಗಂಟು! ಮೊದಲ ಬಲಿ ಚಿಕ್ಕಪ್ಪ. ಅದನ್ನುಟ್ಟು ಗಲ್ಲಾದಲ್ಲಿ ಕೂತವರನ್ನು ಕಂಡು ಗಿರಾಕಿಯೊಬ್ಬ ಕೇಳಿದನಂತೆ, "ಕ್ಯಾ ಭಟ್‌ಜೀ, ಖಿಡಕೀ ಕಾ ಪರದಾ ಕಿಧರ್ ಗಯಾ?"

ನನಗೆ ತಡೆಯಲಾಗಲಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಎದುರಾಳಿಗಳ ಬೆವರಿಳಿಸಿದವಳು ನಾನು, ಮನೆಯಲ್ಲಿ ಸುಮ್ಮನಿರುವುದುಂಟೆ? "ಚಿಕ್ಕಮ್ಮ, ಅವನು ಹೊಸದಾಗಿ ಕಂಡುಹಿಡಿದದ್ದು ಎಂತ? ಅಜ್ಜಿಯ ಮಡಿಸೀರೆಯೂ ಒಂದೇ ತುಂಡು, ಅದಕ್ಕೂ ಹೊಲಿಗೆ ಇಲ್ಲ. ಅದಕ್ಕೆ ಜಪಾನ್ ಯಾಕೆ ಬೇಕು?"

ಅವಳು ನನ್ನನ್ನೇ ನೋಡಿದಳು. "ಅಯ್ಯೋ ಮಾರಾಯ್ತಿ, ಇದನ್ನು ಮೊದಲೇ ಹೇಳುವುದಲ್ವಾ!"

ಎದುರಾಳಿಯ ವಾದವನ್ನೇ ಕಿತ್ತುಕೊಂಡು ಗೆಲ್ಲುವ ಈ ಪಟ್ಟನ್ನು ಯಾವ ಕಾಲೇಜು ಹೇಳಿಕೊಟ್ಟೀತು? ಹೆಮ್ಮೆಯಿಂದಲೇ ಸೋಲೊಪ್ಪುತ್ತೇನೆ.

ನಮ್ಮ ಅಜ್ಜಿ, ಎಂದರೆ ಅವಳ ಅತ್ತೆ, ಹೊಲಿದ ಬಟ್ಟೆ ತೊಟ್ಟು ದೇವರ ಹತ್ತಿರ ಸುಳಿದವರಲ್ಲ. ಪಾರ್ಶ್ವವಾಯು ಬಡಿದು ಎಡಗೈ ಸೋತ ಮೇಲೆ ಮಡಿಸೀರೆ ಉಡಲಾಗದೆ ದೇವರ ದೀಪ ಹಚ್ಚುವುದನ್ನೇ ಬಿಟ್ಟಿದ್ದರು. ತಾನೇ ಉಡಿಸುತ್ತೇನೆಂದು ಚಿಕ್ಕಮ್ಮ ಹೋದರೆ, "ಹೆಣಕ್ಕೆ ಉಡಿಸುವ ಹಾಗೆ ಉಡಿಸ್ತೀಯಾ? ನಡಿ ಆಚೆ!" ಎಂದು ಗದರಿದ್ದರು. ಆಮೇಲೆ ಇಡೀ ದಿನ ಕಿಟಕಿಯಾಚೆ ಲೋಕಲ್ ಟ್ರೇನು ನೋಡುತ್ತ ಕೂರುವುದೇ ಅವರ ಕೆಲಸ.

ಚಿಕ್ಕಮ್ಮ ಅಂಚಿನ ಹತ್ತಿಬಟ್ಟೆಯೊಂದನ್ನು ಮಡಿಚಿ, ಬಲಭುಜಕ್ಕೆ ಮೊದಲೇ ಗಂಟು ಹಾಕಿ, ಎಡಗಡೆ ಪೂರ್ತಿ ತೆರೆದು ಬಿಟ್ಟಳು. ಸೋತ ಕೈ ಎತ್ತಬೇಕಿಲ್ಲ. ತಲೆಯ ಮೇಲಿಂದ ಇಳಿಸಿ, ಸೆರಗನ್ನು ಒಂದೇ ಕೈಯಲ್ಲಿ ಎಳೆದು ಸಿಕ್ಕಿಸಿದರಾಯಿತು.

"ಎಂತ ಅವತಾರ ಇದು?" ಎಂದರು ಅಜ್ಜಿ. ಬೆಳಕಿಗೆ ಹಿಡಿದು ಅಂಚಿನುದ್ದಕ್ಕೂ ಸೂಜಿಯ ತೂತು ಹುಡುಕಿದರು. ಒಂದೂ ಸಿಗಲಿಲ್ಲ.

ಚಿಕ್ಕಮ್ಮ ಅದನ್ನು ಒಗೆದು, ಯಾರೂ ಮುಟ್ಟದ ಹಗ್ಗದ ಮೇಲೆ ಕೋಲಿನಿಂದ ಹರವಿದಳು. ಮರುದಿನ ಸ್ನಾನವಾದ ಮೇಲೆ ಅಜ್ಜಿ ಅದನ್ನೆಳೆದುಕೊಂಡು ಬಾಗಿಲು ಹಾಕಿಕೊಂಡರು. ಹೊರಗೆ ಚಿಕ್ಕಮ್ಮ ಬಾಗಿಲಿಗೆ ಕಿವಿಯಿಟ್ಟು ನಿಂತಳು. ನಾನೂ ಬಾಯಿ ಮುಚ್ಚಿಕೊಂಡಿದ್ದೆ, ದಾಖಲೆಯೇ ಸರಿ! ಬಾಗಿಲು ತೆರೆಯಿತು. ಅಜ್ಜಿ ಯಾರನ್ನೂ ನೋಡದೆ ನೆಟ್ಟಗೆ ದೇವರ ಮುಂದೆ ಹೋಗಿ, ಒಂದೇ ಕೈಯಲ್ಲಿ ಬತ್ತಿ ನೀವಿ ದೀಪ ಹಚ್ಚಿದರು.

ಆಮೇಲೆ, ತಿರುಗದೆಯೇ, ಹೇಳಿದರು:

"ಇನ್ನೊಂದು ಮಾಡಿಡು ಮಗಾ. ಇದು ಒಣಗುವಾಗ ಉಡ್ಲಿಕ್ಕೆ ಬೇಕಲ್ಲ."